ಜತ್ತ ಸೀಮೆಯ ಕಲ್ಲುಗೋಡೆ, ಹುಲ್ಲುಚಪ್ಪರ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿಗೆ ಕನ್ನಡಿಗರು ಹೆಚ್ಚಾಗಿ ಹೋಗುವುದು ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ. ದರ್ಶನವಾದ ಮೇಲೆ ಅರ್ಧ ದಿನ ಉಳಿಸಿಕೊಂಡು ಸಂಖ, ಉಮದಿ ಕಡೆಯ ಹಳೆಯ ಮನೆಗಳನ್ನೂ ನೋಡಿ ಬನ್ನಿ. ಮಳೆ ಕಡಿಮೆ, ಬಿಸಿಲು ಬಿರುಸು ಇರುವ ನೆಲದಲ್ಲಿ ಕೈಗೆ ಸಿಕ್ಕ ಸಾಮಾನಿನಿಂದಲೇ ಮನೆಯನ್ನು ತಂಪಾಗಿಟ್ಟ ಜಾಣ್ಮೆ ಅಲ್ಲಿದೆ.

ಹೋಗುವುದು ಹೇಗೆ, ಯಾವಾಗ?
ವಿಜಯಪುರದವರೆಗೆ ರೈಲಿದೆ. ಅಲ್ಲಿಂದ ಜತ್ತ ಸುಮಾರು 65 ಕಿ.ಮೀ.; ಬಸ್ಸು ಸಿಗುತ್ತದೆ. ವಸ್ತಿಗಳನ್ನು, ಎಂದರೆ ಹೊಲದಲ್ಲೇ ಇರುವ ಮನೆಗಳನ್ನು, ನೋಡಲು ಸ್ವಂತ ಗಾಡಿ ಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದಲ್ಲಿ ಜಾತ್ರೆಯ ಜನಸಂದಣಿ. ಮನೆ ನೋಡುವವರು ಆ ದಿನಗಳನ್ನು ಬಿಡುವುದು ಒಳ್ಳೆಯದು. ಚಪ್ಪರ ಹೊದಿಸುವ ಕೆಲಸ ನೋಡಬೇಕಾದರೆ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಹೋಗಿ.

ಏನು ನೋಡಬೇಕು?
ಮೊದಲು ಗೋಡೆ. ಕರಿಕಲ್ಲಿನ ಎರಡು ಮೈ, ನಡುವೆ ಚೂರುಕಲ್ಲು ಮತ್ತು ಮಣ್ಣು. ಈ ದಪ್ಪವೇ ಮಧ್ಯಾಹ್ನದ ಕಾವನ್ನು ಹೊರಗೆ ತಡೆಯುತ್ತದೆ. ದೀಪಕ್ಕೆಂದು ಗೋಡೆಯಲ್ಲೇ ಬಿಟ್ಟ ಮಾಡಗಳನ್ನು ಗಮನಿಸಿ.

ಆಮೇಲೆ ತಲೆಯೆತ್ತಿ ನೋಡಿ. ಊರೊಳಗೆ ಮಣ್ಣಿನ ಮಾಳಿಗೆ: ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ದಪ್ಪ ಮಣ್ಣು. ಆ ಭಾರಕ್ಕೆ ಗಟ್ಟಿ ಕಂಬಗಳು ಬೇಕು. ಹೊಗೆ ಹೋಗಲು, ಬೆಳಕು ಬರಲು ಬೆಳಕಿಂಡಿ. ವಸ್ತಿಯಲ್ಲಿ ಹುಲ್ಲಿನ ಚಪ್ಪರ: ಹಗುರ, ಹಾಗಾಗಿ ನಾಲ್ಕು ಗಳ ಸಾಕು. ನೀರು ನಿಲ್ಲದೆ ಜಾರಲೆಂದು ಇಳಿಜಾರು ಕಡಿದು. ಗೋಡೆ ನೆನೆಯದಿರಲೆಂದು ಅಂಚು ತಗ್ಗು. ಬಗ್ಗಿಯೇ ಒಳಗೆ ಹೋಗಬೇಕು. ಜೋಳದ ಕಣಿಕೆ ದನಗಳ ಪಾಲು. ಬರಗಾಲದಲ್ಲಂತೂ ಅದು ಬಂಗಾರ. ಅದಕ್ಕೇ ಚಪ್ಪರಕ್ಕೆ ಕಬ್ಬಿನ ರವದಿ (ಒಣಗರಿ), ಒಣಹುಲ್ಲು. ಅಡುಗೆಮನೆಯ ಮೇಲಿನ ಹುಲ್ಲು ಕಪ್ಪಾಗಿದ್ದರೆ ಅದು ಕೊಳೆಯಲ್ಲ. ಒಲೆಯ ಹೊಗೆಯ ಕಪ್ಪು; ಆ ಹೊಗೆ ಹುಳುಗಳನ್ನು ದೂರವಿಡುತ್ತದೆ.

ನಡವಳಿಕೆ
ಇವು ಜನ ಬಾಳುವ ಮನೆಗಳು. "ಯಕ್ಕಾ, ಒಳಗ ಬರಬಹುದೇನ್ರಿ?" ಎಂದು ಕೇಳಿ; ಇಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಚಪ್ಪಲಿ ಹೊರಗೆ ಬಿಡಿ. ಕರೆಯದೆ ದೇವರ ಕೋಣೆಗೂ ಅಡುಗೆಮನೆಗೂ ಹೋಗಬೇಡಿ. ಮಾಳಿಗೆ ಹತ್ತಬೇಡಿ. ಚಪ್ಪರದ ಹತ್ತಿರ ಬೀಡಿ, ಸಿಗರೇಟು ಖಂಡಿತ ಬೇಡ. ಕುಡಿಯುವ ನೀರು ನೀವೇ ಒಯ್ಯಿರಿ. ಬೇಸಿಗೆಯಲ್ಲಿ ಅಲ್ಲಿ ಒಂದು ಕೊಡ ನೀರಿಗೂ ಬೆಲೆಯಿದೆ.

ಚಪ್ಪರ ಕಟ್ಟಬಲ್ಲ ಹಿರಿಯರು ಸಿಕ್ಕರೆ ಕುಳಿತು ಮಾತಾಡಿಸಿ, ಒಪ್ಪಿದರೆ ಗಂಟು ಹಾಕುವ ಬಗೆಯನ್ನು ವಿಡಿಯೋ ಮಾಡಿಕೊಳ್ಳಿ. ಚಾವಣಿಗೆ ತಗಡು ಬಂದ ಮೇಲೆ ಈ ಕೆಲಸ ಕಲಿಯುವವರು ಕಡಿಮೆ.