ಬೆಟ್ಟವನ್ನು ಏರುವವರು ಕಲಿಯತಕ್ಕ ಪಾಠ

ಉನ್ನತ ಪರ್ವತಗಳನ್ನು ಏರುವವರು ಕತ್ತಲಿರುವಾಗಲೇ ಹೊರಡುವದು ಯಾಕೆ, ಹವೆ ಕೆಟ್ಟಾಗ ಅವರು ಮಾಡತಕ್ಕದ್ದೇನು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಬೇಗನೆ ಹೊರಡುವದಕ್ಕೆ ಕಾರಣ. ರಾತ್ರಿಯ ಚಳಿಯಿಂದ ಹಿಮವು ಗಟ್ಟಿಯಾಗಿ ಕಾಲಿನ ಭಾರವನ್ನು ತಾಳುತ್ತದೆ. ಬಿಸಿಲೇರಿದ ಮೇಲೆ ಅದೇ ಹಿಮವು ಮೆತ್ತಗಾಗಿ ಕುಸಿಯುತ್ತದೆ; ಅದರ ಹಿಡಿತದಲ್ಲಿದ್ದ ಕಲ್ಲುಗಳೂ ಸಡಿಲಾಗಿ ಉರುಳುತ್ತವೆ. ಅದಲ್ಲದೆ ಹಗಲಿನ ಕಾವಿನಿಂದ ಕಣಿವೆಯ ಗಾಳಿಯು ಮೇಲೇರಿ, ಮಧ್ಯಾಹ್ನದೊಳಗೆ ಮೋಡವಾಗಿ ಶಿಖರವನ್ನು ಮುಚ್ಚುವದುಂಟು. ಮುಂಜಾನೆ ಹೊರಟವನಿಗಾದರೋ ಇಳಿಯುವದಕ್ಕೆ ಬೆಳಕು ಉಳಿದಿರುವದು.

2. ಹಿಂದಿರುಗಿದವರ ದೃಷ್ಟಾಂತ. 1953ರಲ್ಲಿ ಜಾನ್ ಹಂಟ್ ಎಂಬವರ ತಂಡವು ಎವರೆಸ್ಟ್ ಶಿಖರವನ್ನು ಏರಲು ಹೋಯಿತು. ಮೇ 26ರಲ್ಲಿ ಚಾರ್ಲ್ಸ್ ಇವಾನ್ಸ್, ಟಾಮ್ ಬೋರ್ಡಿಲನ್ ಎಂಬವರು ಮಧ್ಯಾಹ್ನ 1 ಗಂಟೆಗೆ ದಕ್ಷಿಣ ಶಿಖರವನ್ನು ಮುಟ್ಟಿದರು. ತುದಿಗೆ ಇನ್ನು ಸುಮಾರು 100 ಮೀಟರು ಮಾತ್ರ ಉಳಿದಿತ್ತು. ಆದರೆ ಹೊತ್ತು ಮೀರಿತ್ತು, ಶರೀರ ದಣಿದಿತ್ತು, ಪ್ರಾಣವಾಯುವಿನ ಯಂತ್ರವೂ ತೊಂದರೆ ಕೊಟ್ಟಿತ್ತು. ಅವರು ಹಿಂದಿರುಗಿ ಜೀವಸಹಿತ ಇಳಿದರು.

3. ಕಾದವರ ದೃಷ್ಟಾಂತ. ಮರುದಿನ ಬಿರುಗಾಳಿ ಬೀಸಿದ್ದರಿಂದ ಎಡ್ಮಂಡ್ ಹಿಲರಿ, ತೇನ್‌ಸಿಂಗ್ ನೋರ್ಗೆ ಇವರು ಕೆಳಗಿನ ಪಾಳೆಯದಲ್ಲೇ ಕಾದರು. 28ರಲ್ಲಿ ಸುಮಾರು 8,500 ಮೀಟರು ಎತ್ತರದಲ್ಲಿ ಡೇರೆ ಹಾಕಿದರು. 29ರ ಬೆಳಿಗ್ಗೆ ನೋಡಲಾಗಿ ಹಿಲರಿಯವರ ಪಾದರಕ್ಷೆಗಳು ಹೆಪ್ಪುಗಟ್ಟಿದ್ದವು; ಅವುಗಳನ್ನು ಒಲೆಯಲ್ಲಿ ಕಾಯಿಸಿಕೊಂಡು 6.30ಕ್ಕೆ ಹೊರಟರು. 11.30ಕ್ಕೆ ತುದಿ ಸೇರಿ, ಅಲ್ಲಿ ಸುಮಾರು 15 ನಿಮಿಷ ಮಾತ್ರ ನಿಂತು ಇಳಿದರು.

4. ತಡಮಾಡಿದರೆ ಆಗುವ ಕೇಡು. 1996ರ ಮೇ 10ರಂದು ಹಲವರು ಮಧ್ಯಾಹ್ನ 2 ಗಂಟೆ ದಾಟಿದ ಮೇಲೆಯೂ ಅದೇ ಶಿಖರವನ್ನು ಏರುತ್ತಲಿದ್ದರು. ಇಳಿಯುವಾಗ ಬಿರುಗಾಳಿಯೂ ಕತ್ತಲೆಯೂ ಅವರನ್ನು ಹಿಡಿದವು. ಆ ದಿನ ಮತ್ತು ಮರುದಿನ ಆ ಪರ್ವತದಲ್ಲಿ 8 ಮಂದಿ ಸತ್ತರು.

5. ನಾವು ಕಲಿಯತಕ್ಕದ್ದು. ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವದರ ಮೂರನೆಯ ಒಂದು ಪಾಲಷ್ಟೇ. ಅಂಥಾ ಗಾಳಿಯಲ್ಲಿ ಬುದ್ಧಿಯು ಮಂಕಾಗುವದರಿಂದ, ಹಿಂದಿರುಗತಕ್ಕ ಗಳಿಗೆಯನ್ನು ಕೆಳಗಿರುವಾಗಲೇ ನಿಶ್ಚಯಿಸಿಕೊಳ್ಳಬೇಕು. ತುದಿಯು ಕಣ್ಣೆದುರಿಗೆ ಕಾಣುತ್ತಿದ್ದರೂ ಆ ನಿಶ್ಚಯವನ್ನು ಬದಲಿಸಬಾರದು. ನಮ್ಮ ಗುಡ್ಡಗಳು ಅಷ್ಟು ಎತ್ತರವಲ್ಲವಾದರೂ, ಮಳೆಗಾಲದಲ್ಲಿ ಗುಡ್ಡ ಹತ್ತುವವರೂ ಹೊಳೆ ದಾಟುವವರೂ ಇದೇ ಕ್ರಮವನ್ನು ಹಿಡಿಯುವದು ಒಳ್ಳೇದು. ಬೇಗನೆ ಹೊರಡಿರಿ, ಒಬ್ಬರೇ ಹೋಗಬೇಡಿರಿ, ತಿರುಗಿ ಬರುವ ಹೊತ್ತನ್ನು ಮನೆಯವರಿಗೆ ತಿಳಿಸಿರಿ, ಮೋಡ ಕವಿದರೆ ನಾಚಿಕೆಪಡದೆ ಹಿಂದಿರುಗಿರಿ.