ಗಿಡ್ಡವಾದ ಸ್ವೆಟರೂ ಅತ್ತೆಗೆ ಹೇಳಬೇಕಾದ ಮಾತೂ

ಪ್ರಶ್ನೆ: ನಮ್ಮ ಅತ್ತೆ ಹೆಣಿಗೆಯಲ್ಲಿ ಎತ್ತಿದ ಕೈ. ಹೋದ ವರ್ಷ ತಮ್ಮ ಮಗನಿಗೆಂದು ಉಣ್ಣೆಯ ಸ್ವೆಟರ್ ಹೆಣೆದು ಕೊಟ್ಟಿದ್ದರು. ಮೊನ್ನೆ ಮನೆ ತುಂಬ ನೆಂಟರಿದ್ದ ಗಡಿಬಿಡಿಯಲ್ಲಿ ಅದು ಬೆಡ್‌ಶೀಟುಗಳ ಜೊತೆ ವಾಷಿಂಗ್ ಮಷೀನಿಗೆ ಹೋಯಿತು. ಬಿಸಿನೀರು, ಮಾಮೂಲಿ ಸೋಪಿನ ಪುಡಿ. ಹೊರಗೆ ತೆಗೆದರೆ ನಮ್ಮವರಿಗೆ ಹೊಟ್ಟೆಯವರೆಗೂ ಬರುತ್ತಿಲ್ಲ, ತೋಳು ಮೊಣಕೈ ಹತ್ತಿರಕ್ಕೇ ನಿಲ್ಲುತ್ತದೆ. ವಿನೆಗರಿನಲ್ಲಿ ನೆನೆಸು ಅಂತ ಒಬ್ಬರು, ಎಳೆದು ಇಸ್ತ್ರಿ ಹಾಕು ಅಂತ ಇನ್ನೊಬ್ಬರು. ನಮ್ಮವರು ಮಾತ್ರ, ‘ಎಲ್ಲೋ ಕಳೆದುಹೋಯಿತು ಅಂದರಾಯಿತು ಬಿಡು’ ಎನ್ನುತ್ತಾರೆ. ಯುಗಾದಿಗೆ ಅತ್ತೆ ಬರುವವರಿದ್ದಾರೆ. ಇದನ್ನು ಸರಿ ಮಾಡಬಹುದೆ? ತವರಿನವರು ಕೊಟ್ಟ ಪಶ್ಮಿನಾ ಶಾಲೂ ಒಂದಿದೆ. ಈಗ ಅದನ್ನು ನೀರಿಗೆ ಹಾಕಲೇ ಭಯ.
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಸದ್ಯಕ್ಕೆ ಸ್ವೆಟರನ್ನು ಎಳೆಯಬೇಡಿ, ಇಸ್ತ್ರಿ ಮುಟ್ಟಿಸಬೇಡಿ, ಎಸೆಯಲೂ ಬೇಡಿ. ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹೆಣಿಗೆಯ ಒಂದೊಂದು ಕುಣಿಕೆಯೂ ಬಿಡಿಬಿಡಿಯಾಗಿ ಕಾಣುತ್ತಿದ್ದು, ಎರಡು ಬೆರಳಲ್ಲಿ ಮೆಲ್ಲಗೆ ಹಿಗ್ಗಿಸಿದರೆ ಬಟ್ಟೆ ಹಿಗ್ಗುತ್ತದೆಯೆ? ಹಾಗಿದ್ದರೆ ಅದು ಬರೀ ಮುದುಡಿದೆ, ಬಹುಮಟ್ಟಿಗೆ ಹಿಂದಕ್ಕೆ ತರಬಹುದು. ಕುಣಿಕೆಗಳೆಲ್ಲ ಒಂದರೊಳಗೊಂದು ಸೇರಿ, ಬಟ್ಟೆ ದಪ್ಪ ರಟ್ಟಿನಂತಾಗಿ, ಮೇಲೆಲ್ಲ ನವಿರು ಎದ್ದಿದ್ದರೆ ಅದು ಗಂಟುಕಟ್ಟಿದ ಉಣ್ಣೆ. ಅದನ್ನು ಯಾವ ಮದ್ದೂ ಬಿಡಿಸಲಾರದು. ಒಂದೇ ಸ್ವೆಟರಿನಲ್ಲಿ ತೋಳು ಒಂದು ಥರ, ಬೆನ್ನು ಇನ್ನೊಂದು ಥರ ಇರುವುದೂ ಉಂಟು.

ಹೀಗೇಕೆ ಆಗುತ್ತದೆ ಎಂದು ತಿಳಿದರೆ ಮುಂದಿನ ಬಟ್ಟೆಗಳು ಉಳಿಯುತ್ತವೆ. ಉಣ್ಣೆಯ ಎಳೆ ನಮ್ಮ ತಲೆಗೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಮೈಮೇಲೆ ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಹೊದೆಸಿದ ಸಣ್ಣ ಹುರುಪೆಗಳಿವೆ. ಬಿಸಿನೀರು ಮತ್ತು ಕ್ಷಾರವಿರುವ ಸೋಪು ತಾಗಿದಾಗ ಹುರುಪೆಯ ಅಂಚು ಏಳುತ್ತದೆ. ಆಗ ಮಷೀನು ಗಿರಗಿರನೆ ಉಜ್ಜಿದರೆ ಎಳೆಗಳು ಒಂದೇ ದಿಕ್ಕಿಗೆ ಜಾರಿ, ಒಂದನ್ನೊಂದು ಕಚ್ಚಿಕೊಂಡು ಹಿಂದಕ್ಕೆ ಬರುವುದಿಲ್ಲ. ಕಾಶ್ಮೀರದಲ್ಲಿ ನಮ್ದಾ ಎಂಬ ಹಾಸನ್ನು ಬೇಕೆಂದೇ ಹೀಗೆ ಮಾಡುತ್ತಾರೆ: ಉಣ್ಣೆಯನ್ನು ಹರಡಿ, ಸೋಪಿನ ನೀರು ಚಿಮುಕಿಸಿ, ಸುತ್ತಿ ಉರುಳಿಸಿ ಒತ್ತುತ್ತಾರೆ. ಮಗ್ಗವೇ ಬೇಡ. ಅಂದಮೇಲೆ ತಪ್ಪನ್ನೆಲ್ಲ ಬಿಸಿನೀರಿನ ಮೇಲೆ ಹಾಕುವಂತಿಲ್ಲ. ತಣ್ಣೀರಿನಲ್ಲೂ ಜೋರಾಗಿ ತಿಕ್ಕಿದರೆ ಉಣ್ಣೆ ಗಂಟುಕಟ್ಟುತ್ತದೆ.

ಇನ್ನು ಉಪಚಾರ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ತಲೆಗೂದಲಿನ ಕಂಡೀಷನರ್ ಕದಡಿ. ಕೂದಲನ್ನು ನುಣುಪು ಮಾಡುವ ಆ ವಸ್ತು ಉಣ್ಣೆಯ ಎಳೆಗಳೂ ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಸ್ವೆಟರನ್ನು ಮುಳುಗಿಸಿ ಅರ್ಧ ಗಂಟೆ ಬಿಡಿ, ತಿಕ್ಕಬೇಡಿ. ತೆಗೆಯುವಾಗ ಹೆಗಲು ಹಿಡಿದು ಎತ್ತಬೇಡಿ. ಒದ್ದೆ ಉಣ್ಣೆಗೆ ಬಲ ಕಡಿಮೆ, ನೀರಿನ ಭಾರಕ್ಕೇ ಜೋತುಬೀಳುತ್ತದೆ. ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿ, ದಪ್ಪ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಚಾಪೆಯಂತೆ ಸುತ್ತಿ ಒತ್ತಿ. ಹಿಂಡುವ ಮಾತೇ ಬೇಡ.

ನಿಮ್ಮವರಿಗೆ ಸರಿಹೊಂದುವ ಇನ್ನೊಂದು ಸ್ವೆಟರನ್ನು ಹಳೆಯ ಬೆಡ್‌ಶೀಟಿನ ಮೇಲಿಟ್ಟು ಅದರ ಅಂಚು ಗುರುತು ಮಾಡಿಕೊಳ್ಳಿ. ಒದ್ದೆ ಸ್ವೆಟರನ್ನು ಆ ಗುರುತಿನ ಮೇಲೆ ಹರಡಿ, ಎರಡೂ ಕಡೆಯಿಂದ ಸಮನಾಗಿ, ಅಂಗೈ ಅಗಲ ಹಿಡಿದು, ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ. ಬೆರಳ ತುದಿಯಲ್ಲಿ ಎಳೆದರೆ ಅಲ್ಲಲ್ಲಿ ಕಿವಿ ಎದ್ದಂತಾಗುತ್ತದೆ. ಹಿಗ್ಗಿದಷ್ಟಕ್ಕೆ ತುಕ್ಕು ಹಿಡಿಯದ ಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಿ. ಒಂದೇ ಸಲಕ್ಕೆ ಗುರುತಿನ ತನಕ ಬಾರದಿದ್ದರೆ ಒಣಗಿದ ಮೇಲೆ ಮತ್ತೆ ನೆನೆಸಿ ಮಾಡಿ. ಎರಡು ಮೂರು ಸಲಕ್ಕೂ ಜಗ್ಗದಿದ್ದರೆ ಅಲ್ಲಿಗೆ ಬಿಡಿ, ಮುಂದೆ ಎಳೆದರೆ ನೂಲು ಹರಿಯುತ್ತದೆ.

ವಿನೆಗರ್ ಸೋಪಿನ ಕ್ಷಾರವನ್ನು ಕಳೆಯುತ್ತದೆ, ಕುಗ್ಗಿದ್ದನ್ನು ಹಿಗ್ಗಿಸುವುದಿಲ್ಲ. ಇಸ್ತ್ರಿಯ ಬಿಸಿ ಹೆಚ್ಚಾದರೆ ಉಣ್ಣೆ ಸುಡುತ್ತದೆ. ಕಲೆ ತೆಗೆಯುವ ಬ್ಲೀಚನ್ನಂತೂ ಹತ್ತಿರ ಸುಳಿಯಗೊಡಬೇಡಿ, ಅದು ಉಣ್ಣೆಯನ್ನೇ ಕರಗಿಸುತ್ತದೆ.

ಪಶ್ಮಿನಾ ಇನ್ನೂ ನಾಜೂಕು. ಲಡಾಖಿನ ಚಾಂಗ್‌ಥಾಂಗ್ ಪ್ರದೇಶದ ಮೇಕೆಗಳ ಒಳತುಪ್ಪಳದಿಂದ ಬರುವ ಆ ಎಳೆಯ ದಪ್ಪ ಸುಮಾರು 12ರಿಂದ 16 ಮೈಕ್ರಾನ್, ನಮ್ಮ ಕೂದಲಿನ ಕಾಲು ಭಾಗದಷ್ಟೂ ಇರುವುದಿಲ್ಲ. ಕಸೂತಿ ಇದ್ದರೆ ಬಣ್ಣ ಬಿಡುವ ಅಪಾಯವಿದೆ, ಡ್ರೈ ಕ್ಲೀನಿಂಗಿಗೇ ಕೊಡಿ. ಸಾದಾ ಶಾಲಾದರೆ ತಣ್ಣೀರಿಗೆ ಉಣ್ಣೆಗೆಂದೇ ಸಿಗುವ ದ್ರವ ಸೋಪು ಅಥವಾ ಒಂದು ಚಮಚ ಶಾಂಪೂ ಹಾಕಿ, ಐದು ನಿಮಿಷ ಅದ್ದಿ, ಜಾಲಿಸುವ ನೀರನ್ನೂ ಅದೇ ಹದದಲ್ಲಿಡಿ. ಹಗ್ಗಕ್ಕೆ ಹಾಕದೆ ಹರಡಿ ಒಣಗಿಸಿ. ಪ್ರತಿ ಸಲ ಹೊದ್ದಾಗಲೂ ಒಗೆಯುವ ಅಗತ್ಯವಿಲ್ಲ, ಗಾಳಿಗೆ ಹಾಕಿದರೆ ಸಾಕು. ಆದರೆ ಮಳೆಗಾಲಕ್ಕೆ ಮುಂಚೆ ಎತ್ತಿಡುವಾಗ ಮಾತ್ರ ಒಗೆದೇ ಇಡಿ. ಬೆವರು, ಊಟದ ಕಲೆ ಇರುವ ಉಣ್ಣೆಗೇ ಹುಳ ಮೊದಲು ಬಾಯಿ ಹಾಕುವುದು.

ಈಗ ಅತ್ತೆಯ ವಿಷಯ. ಕಳೆದುಹೋಯಿತು ಎಂದರೆ ಸ್ವೆಟರೂ ಹೋಯಿತು, ಮುಂದೆ ಎಂದಾದರೂ ಕಪಾಟಿನಲ್ಲಿ ಸಿಕ್ಕಿಬಿದ್ದರೆ ಮಾತಿನ ಬೆಲೆಯೂ ಹೋಯಿತು. ಅದಕ್ಕಿಂತ ದೊಡ್ಡ ಕಾರಣ, ಈ ಸ್ವೆಟರಿನ ರಿಪೇರಿ ಗೊತ್ತಿರುವುದು ಅವರಿಗೇ. ಗಂಟುಕಟ್ಟದ ಹೆಣಿಗೆಯಾದರೆ ಕೆಳ ಅಂಚಿನಲ್ಲೂ ಕೈತುದಿಯಲ್ಲೂ ಕುಣಿಕೆ ಎತ್ತಿಕೊಂಡು ಬೇರೆ ಬಣ್ಣದ ಪಟ್ಟಿ ಹೆಣೆಯಬಹುದು. ಉದ್ದಕ್ಕೆ ನಾಲ್ಕು ಬೆರಳು ಸಿಕ್ಕರೂ ನಿಮ್ಮವರು ಹಾಕಿಕೊಂಡಾರು. ಪೂರ್ತಿ ಗಂಟುಕಟ್ಟಿದ್ದರೂ ನಷ್ಟವೆಲ್ಲ ನಷ್ಟವಲ್ಲ. ಅಂಥ ಉಣ್ಣೆಯನ್ನು ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ, ಮಕ್ಕಳ ಟೋಪಿಗೆ, ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಹೇಳಿ ಮಾಡಿಸಿದ್ದು.

ಹೇಳುವಾಗ ‘ಹಾಳುಮಾಡಿಬಿಟ್ಟೆ ಅತ್ತೆ’ ಎಂದು ಅಳುತ್ತ ಶುರುಮಾಡಬೇಡಿ, ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾದೀತು. ‘ಮಷೀನಿಗೆ ಬಿದ್ದು ಗಿಡ್ಡವಾಗಿದೆ ಅತ್ತೆ, ಇಷ್ಟು ಹಿಗ್ಗಿಸಿದ್ದೇನೆ, ಇನ್ನೂ ನಾಲ್ಕು ಬೆರಳು ಸಾಲದು. ನೀವು ಯಾವ ನೂಲು ಹಾಕಿದ್ದಿರಿ?’ ಎಂದು ಕೇಳಿ. ಅಂಗಡಿಯಲ್ಲಿ ಉಲನ್ ಎಂದು ಮಾರುವ ಉಂಡೆಗಳಲ್ಲಿ ಎಷ್ಟೋ ಬರೀ ಅಕ್ರಿಲಿಕ್, ಅದು ಹೀಗೆ ಗಂಟುಕಟ್ಟುವುದಿಲ್ಲ. ನಿಮ್ಮದು ಕುಗ್ಗಿದ್ದು ನೋಡಿದರೆ ಅತ್ತೆ ಮಗನಿಗೆಂದು ಅಸಲಿ ಉಣ್ಣೆಯನ್ನೇ ಹುಡುಕಿ ತಂದಿದ್ದಾರೆ. ಪಟ್ಟಿಗೂ ಅಂಥದ್ದೇ ನೂಲು ಬೇಕಾಗುತ್ತದೆ. ಆದ್ದರಿಂದ ಯುಗಾದಿಯವರೆಗೆ ಕಾಯದೆ ಈ ವಾರವೇ ಫೋನ್ ಮಾಡಿ. ಬರುವಾಗ ಉಂಡೆಯನ್ನೂ ಕಡ್ಡಿಯನ್ನೂ ಅವರೇ ತರುತ್ತಾರೆ.