ದಟ್ಟಣೆಯ ವಿದ್ಯೆ, ಉಸಿರಿನ ಎಣಿಕೆ

ಮುಂಬಯಿಯ ಫೋರ್ಟ್‌ನಲ್ಲಿ ನೆಲೆಗೊಂಡಿದ್ದ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಅಂತರ್ಜಾಲ ಸೇವೆಯನ್ನು ತೆರೆದಿತು. ಇದರಲ್ಲಿ ಮಾಹಿತಿಯು ಚಿಕ್ಕ ಚಿಕ್ಕ ಕಟ್ಟುಗಳಾಗಿ ಸಾಗುತ್ತದೆ. ಕಟ್ಟುಗಳು ಮಿತಿಮೀರಿದರೆ ಸಂಜೆಯ ಚರ್ಚ್‌ಗೇಟ್ ನಿಲ್ದಾಣದಂತೆ ದಟ್ಟಣೆಯುಂಟಾಗುತ್ತದೆ. 1986ರಲ್ಲಿ ಅಮೆರಿಕದ ಒಂದು ಮಾರ್ಗದ ವೇಗವು ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ ಕೇವಲ 40ಕ್ಕೆ ಕುಸಿದಿತ್ತು. ಕಟ್ಟು ಕಳೆದುಹೋದೊಡನೆ ಕಳುಹಿಸುವ ಯಂತ್ರವೇ ವೇಗ ತಗ್ಗಿಸುವ ಉಪಾಯವನ್ನು ವಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದರು. ವೇಗವನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಮಾರ್ಗಮಧ್ಯದ ಯಂತ್ರವೇ ತಿಳಿಸುವ ಕ್ರಮವನ್ನು 2002ರಲ್ಲಿ ದೀನಾ ಕತಾಬಿ ಮತ್ತು ಸಂಗಡಿಗರು ಸೂಚಿಸಿದರು.

ಇದೇ ವಿದುಷಿಯ ದೃಷ್ಟಿ ಮುಂದೆ ಮಾನವ ದೇಹದತ್ತ ಹೊರಳಿತು. ದುರ್ಬಲ ರೇಡಿಯೋ ಅಲೆಯು ಎದೆಗೆ ತಾಗಿ ಹಿಂದಿರುಗುತ್ತದೆ. ಉಸಿರಾಟದಿಂದಲೂ ಹೃದಯದ ಬಡಿತದಿಂದಲೂ ದೇಹವು ಅಲುಗಿದಂತೆಲ್ಲ ಆ ಪ್ರತಿಫಲನವೂ ಸೂಕ್ಷ್ಮವಾಗಿ ಬದಲಾಗುತ್ತದೆ. ಹೀಗೆ ಮೈ ಮುಟ್ಟದೆ, 8 ಮೀಟರ್ ದೂರದಿಂದಲೂ ಉಸಿರು ಮತ್ತು ಬಡಿತಗಳನ್ನು ಎಣಿಸಬಹುದೆಂದು ಆಕೆಯ ತಂಡ 2015ರಲ್ಲಿ ತೋರಿಸಿತು.

ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ಮಹಾನಗರದ ಮನೆಗಳಲ್ಲಿ ಒಂಟಿಯಾಗುಳಿಯುವ ಹಿರಿಯರ ಪಾಲಿಗೆ ಇಂತಹ ವಿದ್ಯೆ ಆಶಾದಾಯಕ. ಆದರೆ ಅಲೆಯು ಎಣಿಸಬಲ್ಲುದೇ ಹೊರತು ಚಿಕಿತ್ಸೆ ನೀಡಲಾರದು. ಎದೆನೋವು, ಏದುಸಿರು ಕಂಡಾಗ ಯಾವ ಯಂತ್ರದ ಸೂಚನೆಗೂ ಕಾಯದೆ ಆಸ್ಪತ್ರೆಗೆ ಧಾವಿಸುವುದೇ ವಿವೇಕ.